ಗ್ರಹಣವೂ ಶಾಸ್ತ್ರಪ್ರಾಮಾಣ್ಯವೂ

2019ನೆಯ ಇಸವಿ ಡಿಸೆಂಬರ್ 26ರಂದು ಕಾಸರಗೋಡು, ಮಂಗಳೂರುಗಳಲ್ಲಿ ಕಂಕಣ ಸೂರ್ಯಗ್ರಹಣವೂ ಚೆನ್ನೈಯಲ್ಲಿ ಪಾರ್ಶ್ವಗ್ರಹಣವೂ ಗೋಚರಿಸಿದುವು. ಗ್ರಹಣ ಬಂತೆಂದರೆ, ಊರು ಯಾವುದಾದರೇನು, ಆಸ್ತಿಕರ ಮನೆಗಳಲ್ಲಿ ಹಾಲು, ಮೊಸರು, ಉಪ್ಪಿನಕಾಯಿಯ ಭರಣಿಗಳ ಮೇಲೆ ದರ್ಭೆ ಬೀಳುತ್ತದೆ. ಹಿರಿಯರು ಸ್ನಾನ, ಜಪ, ದಾನಗಳಿಗೆ ಅಣಿಯಾಗುತ್ತಾರೆ. ಶಾಲೆಯಲ್ಲಿ ನೆರಳಿನ ಪಾಠ ಕಲಿತು ಬಂದ ಮಗು, “ಅಜ್ಜೀ, ರಾಹು ನುಂಗುವುದು ನಿಜವೇ?” ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ‘ಅದೆಲ್ಲ ಕಟ್ಟುಕಥೆ’ ಎಂಬುದು ಒಂದು. ‘ಇತರ ದೇಶದವರದು ಕಟ್ಟುಕಥೆ, ನಮ್ಮ ಶಾಸ್ತ್ರದಲ್ಲಿರುವುದು ವಿಜ್ಞಾನ’ ಎಂಬುದು ಇನ್ನೊಂದು. ಈ ಎರಡನೆಯ ಉತ್ತರ ಭಕ್ತಿಯಂತೆ ತೋರುತ್ತದೆ. ಅದರಿಂದ ಶಾಸ್ತ್ರದ ಗೌರವ ನಿಜವಾಗಿಯೂ ಹೆಚ್ಚುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅಮೃತಮಂಥನದ ಕಥೆಯಲ್ಲಿ ಶಿರಸ್ಸು ಕಳೆದುಕೊಂಡ ಅಸುರ ರವಿಚಂದ್ರರನ್ನು ಗ್ರಸಿಸುತ್ತಾನೆ. ಪ್ರಾಚೀನ ಚೀನರು ಘಟಸರ್ಪವೊಂದು ಸೂರ್ಯನನ್ನು ನುಂಗುವುದೆಂದರು. ಯೂರೋಪಿನ ಉತ್ತರದೇಶದವರು ತೋಳಗಳು ಅವನನ್ನು ಅಟ್ಟುತ್ತವೆಂದರು. ಖಗೋಳದ ವಿವರಣೆಯೆಂದು ತೂಗಿದರೆ ಈ ಮೂರರಲ್ಲಿ ಯಾವುದೂ ಮೇಲಲ್ಲ. ಮುಂದಿನ ಗ್ರಹಣ ಎಂದು ಬರುವುದೆಂದು ಅಸುರನ ಕಥೆಯೂ ಹೇಳದು, ತೋಳದ ಕಥೆಯೂ ಹೇಳದು. ಇದನ್ನು ಒಪ್ಪಿಕೊಳ್ಳಲು ಭಕ್ತನಾದವನು ಅಂಜಬೇಕಾಗಿಲ್ಲ.

ಭಾರತೀಯ ಪರಂಪರೆಯ ಹಿರಿಮೆ ಬೇರೆಡೆಯಲ್ಲಿದೆ. ಆ ಕಥೆಯನ್ನು ಕೇಳಿ ಬೆಳೆದವರೇ ಅದರಾಚೆಗೆ ನೋಡಲು ಹಿಂಜರಿಯಲಿಲ್ಲ. ಕ್ರಿ.ಶ. 499ರ ಕಾಲದ ಆರ್ಯಭಟನು ಚಂದ್ರನು ಸೂರ್ಯನನ್ನೂ, ಭೂಮಿಯ ನೆರಳು ಚಂದ್ರನನ್ನೂ ಮರೆಮಾಡುವುದೇ ಗ್ರಹಣವೆಂದು ಸಾರಿದನು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ರಾಹು ಗ್ರಹಣಕ್ಕೆ ಕಾರಣನಲ್ಲವೆಂದು ವಾದಿಸಿದನು. ಚಂದ್ರಗ್ರಹಣ ಬಿಂಬದ ಪೂರ್ವಭಾಗದಲ್ಲಿ ಆರಂಭವಾದರೆ ಸೂರ್ಯಗ್ರಹಣ ಪಶ್ಚಿಮಭಾಗದಲ್ಲಿ ಆರಂಭವಾಗುತ್ತದೆ. ನುಂಗುವವನು ಒಬ್ಬನೇ ಆಗಿದ್ದರೆ ಈ ವ್ಯತ್ಯಾಸವೇಕೆ? ಮುಂದೆ ರಾಹುಕೇತುಗಳೆಂಬ ಹೆಸರುಗಳು ಚಂದ್ರನ ಪಥವೂ ಸೂರ್ಯನ ಪಥವೂ ಸಂಧಿಸುವ ಎರಡು ಬಿಂದುಗಳಿಗೆ ಸಂದುವು. ಇಂದಿನ ಪಂಚಾಂಗದಲ್ಲಿ ಸುಮಾರು ಹದಿನೆಂಟೂವರೆ ವರ್ಷಗಳಿಗೊಮ್ಮೆ ರಾಶಿಚಕ್ರವನ್ನು ಹಿಮ್ಮುಖವಾಗಿ ಸುತ್ತುವ ರಾಹು ಈ ಗಣಿತಬಿಂದುವೇ ಹೊರತು ಬೇರೆಯಲ್ಲ.

ಆದರೆ ಎಲ್ಲರಿಗೂ ಈ ಧೈರ್ಯ ಸಾಧ್ಯವಾಗಲಿಲ್ಲ. 628ರಲ್ಲಿ ಸಿದ್ಧಾಂತಗ್ರಂಥ ರಚಿಸಿದ ಬ್ರಹ್ಮಗುಪ್ತನು ಗ್ರಹಣವನ್ನು ನೆರಳಿನಿಂದಲೇ ಗಣಿಸಿದನು. ಆದರೂ ರಾಹುವನ್ನು ನಿರಾಕರಿಸುವವರು ಶ್ರುತಿಸ್ಮೃತಿಗಳಿಗೆ ವಿರೋಧಿಗಳೆಂದು ಖಂಡಿಸಿದನು. ಹನ್ನೊಂದನೆಯ ಶತಮಾನದ ಅಲ್‌ಬೆರೂನಿ ಈ ವಿರೋಧಾಭಾಸವನ್ನು ಕಂಡು ಬೆರಗಾಗಿ, ಸಾಕ್ರಟೀಸನಿಗೆ ಒದಗಿದಂಥ ವಿಪತ್ತಿನ ಭಯ ಇದಕ್ಕೆ ಕಾರಣವಿರಬಹುದೆಂದು ಊಹಿಸಿದನು. ಬಲ್ಲವನ ಕೈ ಒಂದನ್ನು ಬರೆದು ಬಾಯಿ ಇನ್ನೊಂದನ್ನು ನುಡಿಯಬೇಕಾಗಿ ಬಂದರೆ ನಷ್ಟವಾಗುವುದು ಶಾಸ್ತ್ರಕ್ಕೋ, ಸತ್ಯಕ್ಕೋ? ಎರಡಕ್ಕೂ ಎನ್ನಬೇಕು.

ಈ ಗೊಂದಲಕ್ಕೆ ಪರಿಹಾರ ಶಂಕರ ಭಗವತ್ಪಾದರ ಗೀತಾಭಾಷ್ಯದಲ್ಲಿಯೇ ಇದೆ. ಅಗ್ನಿ ಶೀತಲವೆಂದು ನೂರು ಶ್ರುತಿಗಳು ನುಡಿದರೂ ಆ ವಿಷಯದಲ್ಲಿ ಅವು ಪ್ರಮಾಣವಾಗಲಾರವು ಎಂಬುದು ಆಚಾರ್ಯರ ಅಭಿಪ್ರಾಯ. ಪ್ರತ್ಯಕ್ಷಾದಿ ಪ್ರಮಾಣಗಳಿಗೆ ಎಟುಕದ ವಿಷಯದಲ್ಲಿ ಮಾತ್ರ ಶ್ರುತಿ ಪ್ರಮಾಣ. ಕಣ್ಣಿಗೂ ಗಣಿತಕ್ಕೂ ಎಟುಕುವ ನೆರಳನ್ನು ವಿವರಿಸುವ ಹೊರೆಯನ್ನು ಶ್ರುತಿಯ ಮೇಲೆ ಹೇರುವುದೆಂದರೆ, ದೇವರಮನೆಯ ನಂದಾದೀಪವನ್ನು ಬೀದಿಯ ಕಂಬಕ್ಕೆ ತೂಗುಹಾಕಿದಂತೆ. ಬೀದಿಯೂ ಬೆಳಗದು, ದೇವರಮನೆಯೂ ಕತ್ತಲಾದೀತು.

ಶ್ರದ್ಧೆಗೂ ವೀಕ್ಷಣೆಗೂ ವೈರವಿಲ್ಲವೆಂಬುದಕ್ಕೆ ಚೆನ್ನೈ ನಗರವೇ ಸಾಕ್ಷಿ. ಇಲ್ಲಿಯ ನುಂಗಂಬಾಕದಲ್ಲಿ 1792ರಲ್ಲಿ ಸ್ಥಾಪಿತವಾದ ವೇಧಶಾಲೆಯಲ್ಲಿ ಸೇವೆ ಸಲ್ಲಿಸಿದ ಚಿಂತಾಮಣಿ ರಘುನಾಥಾಚಾರ್ಯರು 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ವನಪರ್ತಿಯಲ್ಲಿ ವೀಕ್ಷಿಸಿದರು. 1874ರ ಶುಕ್ರಸಂಕ್ರಮಣವನ್ನು ಜನರಿಗೆ ತಿಳಿಯಹೇಳಲು ಅವರು ರಚಿಸಿದ ಪುಸ್ತಿಕೆ ಕನ್ನಡದಲ್ಲಿಯೂ ಪ್ರಕಟವಾಯಿತೆಂಬುದು ಇಲ್ಲಿಯ ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ದೃಗ್ಗಣಿತ ಪಂಚಾಂಗಕ್ಕಾಗಿ ಅವರು ಶ್ರಮಿಸಿದರು. ಸ್ಪರ್ಶಮೋಕ್ಷಗಳ ಕಾಲ ತಪ್ಪಿದರೆ ಸ್ನಾನ, ತರ್ಪಣಗಳ ಕಾಲವೂ ತಪ್ಪುತ್ತದೆಯಷ್ಟೆ! ದೂರದರ್ಶಕದ ಕಣ್ಣು ಹೀಗೆ ಧರ್ಮಾಚರಣೆಗೂ ನೆರವಾಗುತ್ತದೆ.

ಆದುದರಿಂದ ಮಗುವಿನ ಪ್ರಶ್ನೆಗೆ ಹಿರಿಯರು ನಿಸ್ಸಂಕೋಚವಾಗಿ ಉತ್ತರಿಸಬಹುದು: “ನುಂಗುವವರು ಯಾರೂ ಇಲ್ಲ ಮಗು, ಅದು ನೆರಳು. ಕಪಟದಿಂದ ಪಡೆದ ಅಮೃತ ಪೂರ್ಣವಾಗಿ ದಕ್ಕದೆಂದು ತಿಳಿಸಲು ಆ ಕಥೆ ಇದೆ.” ಜಪ, ದಾನಗಳಿಗೂ ಇದರಿಂದ ಕುಂದಿಲ್ಲ, ಹಸಿದವನಿಗೆ ಅನ್ನವಿಕ್ಕಲು ರಾಹುವಿನ ಭಯ ಬೇಕಿಲ್ಲ. ನವರಾತ್ರಿಯಲ್ಲಿ ಗ್ರಂಥಗಳನ್ನು ಪೀಠದಲ್ಲಿಟ್ಟು ಅರ್ಚಿಸುವ ನಮ್ಮ ಸಂಪ್ರದಾಯ, ವಿಜಯದಶಮಿಯಂದು ಅವನ್ನು ತೆರೆದು ಓದಬೇಕೆಂದೂ ವಿಧಿಸಿದೆ. ವಾಗ್ದೇವಿಯ ಪೂಜೆ ಪೂರ್ಣವಾಗುವುದು ಆ ಓದಿನಲ್ಲಿ, ಓದಿದುದನ್ನು ವಿಮರ್ಶಿಸುವ ನಿರ್ಭೀತ ಬುದ್ಧಿಯಲ್ಲಿ. ಆ ಬುದ್ಧಿಯನ್ನು ತಾಯಿ ಶಾರದೆ ಸರ್ವರಿಗೂ ಕರುಣಿಸಲಿ.