ಮನೆಯ ಈಸ್ಟರ್, ನಿನ್ನ ನಂಬಿಕೆ

ಬೈಬಲ್ ತಂದವರು ಬೈಬಲ್ ತೆಗೀರಿ, ಮೊಬೈಲ್‌ನಲ್ಲಿ ಓದೋರು ಅದನ್ನೇ ತೆಗೀರಿ. ವಿಮೋಚನಕಾಂಡ 12ನೇ ಅಧ್ಯಾಯ, 26 ಮತ್ತು 27ನೇ ವಚನಗಳು. ಆಮೇಲೆ ಯೋಹಾನ 20ಕ್ಕೆ ಬರೋಣ.

ಮುಂದಿನ ಭಾನುವಾರ ಈಸ್ಟರ್. ಈ ವಾರ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳ್ತಿದ್ದೇನೆ. ಊರು ದೇವದುರ್ಗದ ಕಡೆ. ಇಲ್ಲಿ ರಾಯಚೂರಿನಲ್ಲಿ ರೂಮ್ ಮಾಡಿಕೊಂಡು ಕೆಲಸಕ್ಕೆ ಹೋಗ್ತಾನೆ. "ಪಾಸ್ಟರ್, ಈಸ್ಟರ್‌ಗೆ ಊರಿಗೆ ಬಾ ಅಂತ ಅವ್ವ ಫೋನ್ ಮಾಡ್ಯಾಳ. ಅಪ್ಪನ ಸಮಾಧಿಗೆ ಸುಣ್ಣ ಹಚ್ಚಬೇಕು, ಮೇಣದಬತ್ತಿ ಇಡಬೇಕು ಅಂತಾಳ. ನಾನು ಈಗ ರಕ್ಷಣೆ ಹೊಂದೀನಿ, ದೀಕ್ಷಾಸ್ನಾನ ತಗೊಂಡೀನಿ. ಹೋಗ್ಲೋ ಬ್ಯಾಡೋ?" ಅಂತ ಕೇಳಿದ. ಕಣ್ಣಲ್ಲಿ ನೀರಿತ್ತು. ಒಂದು ಕಡೆ ಸಭೆ, ಒಂದು ಕಡೆ ಹೆತ್ತ ತಾಯಿ. ನಿಮ್ಮಲ್ಲೂ ಕೆಲವರಿಗೆ ಈ ಪ್ರಶ್ನೆ ಇದೆ ಅಂತ ನನಗೆ ಗೊತ್ತು.

ಉತ್ತರಕ್ಕೆ ಮೊದಲು ವಾಕ್ಯ ನೋಡೋಣ. ಕ್ರಿಸ್‌ಮಸ್ ಪ್ರತಿ ವರ್ಷ ಡಿಸೆಂಬರ್ 25ಕ್ಕೇ ಬರುತ್ತೆ. ಈಸ್ಟರ್ ಯಾಕೆ ಬದಲಾಗುತ್ತೆ? ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಈಸ್ಟರ್. ಅದಕ್ಕೇ ಅದು ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಬರುತ್ತೆ. ಹುಣ್ಣಿಮೆ ಯಾಕೆ? ಪಸ್ಕಹಬ್ಬ ಹುಣ್ಣಿಮೆಯ ಹಬ್ಬ. ನಮ್ಮ ಕರ್ತನು ಶಿಲುಬೆಗೆ ಹೋದದ್ದು ಆ ಹಬ್ಬದ ಸಮಯದಲ್ಲಿ.

ಈಗ ಗಮನಿಸಿರಿ. ಐಗುಪ್ತದಲ್ಲಿ ಮೊದಲ ಪಸ್ಕ ನಡೆದಾಗ ದೇವಾಲಯ ಇರಲಿಲ್ಲ, ಮನೆ ಇತ್ತು. ಮನೆಗೊಂದು ಕುರಿಮರಿ, ಬಾಗಿಲಿಗೆ ರಕ್ತ, ಹುಳಿಯಿಲ್ಲದ ರೊಟ್ಟಿ, ಕಹಿ ಪಲ್ಯ. ಇದನ್ನೆಲ್ಲ ಹೇಳಿಕೊಟ್ಟವನು ದೇವರೇ. ಯಾಕೆ? ಮುಂದೆ ಮನೆಯ ಮಕ್ಕಳು ಬಂದು, ಇದನ್ನು ಯಾಕೆ ಮಾಡ್ತೀರಿ, ಇದು ನಿಮಗೆ ಏನು ಅಂತ ಕೇಳ್ತಾರೆ. ಆಗ ತಂದೆತಾಯಿ ಬಿಡುಗಡೆಯ ಕಥೆ ಹೇಳಬೇಕು. ಮನೆಯ ಪದ್ಧತಿ ಇರುವುದೇ ಆ ಪ್ರಶ್ನೆ ಹುಟ್ಟಲಿ ಅಂತ. ಆಮೆನ್?

ನಾನು ಬೆಳೆದದ್ದು ಮಾನ್ವಿ ಕಡೆ ಹಳ್ಳಿಯಲ್ಲಿ. ಈಸ್ಟರ್ ಹಿಂದಿನ ದಿನ ಅಜ್ಜಿ ಬಕೀಟಿನಲ್ಲಿ ಸುಣ್ಣ ಕಲಸಿ ನನ್ನ ಕೈಗೆ ಕೊಡುತ್ತಿದ್ದಳು. ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರೂ ಎದ್ದು, ಹಾಡುತ್ತಾ ಸಮಾಧಿಗಳ ಹತ್ತಿರ ಹೋಗೋದು. ಮನೆಗೆ ಬಂದರೆ ಶ್ಯಾವಿಗೆ ಪಾಯಸ, ಮಧ್ಯಾಹ್ನ ಮಟನ್. ಒಮ್ಮೆ ಕೇಳಿದೆ, "ಅಜ್ಜಿ, ಸತ್ತವ್ರಿಗೆ ಸುಣ್ಣ ಯಾಕ?" ಓದು ಬರಹ ಬಾರದ ಆಕೆ ಹೇಳಿದ್ದು ಇಷ್ಟೇ: "ಎಬ್ಬಿಸಾಂವ ಬರ್ತಾನ ಮಗಾ. ಬಂದಾಗ ಮನಿ ಹೊಲಸು ಇರಬಾರದು."

ಪ್ರಿಯರೇ, ಅದು ಅಜ್ಜಿಯ ನಂಬಿಕೆ. ಆಕೆ ತೀರಿಕೊಂಡ ಮೇಲೆ ಬಂದ ಮೊದಲ ಈಸ್ಟರ್‌ನಲ್ಲಿ ಅದೇ ಬಕೀಟು ಹಿಡಿದು ಆಕೆಯ ಸಮಾಧಿ ಮುಂದೆ ನಿಂತೆ. ಆಗ ನಾನು ಕಾಲೇಜು ಹುಡುಗ. ಎಬ್ಬಿಸುವವನು ಬರುತ್ತಾನೆ ಅಂತ ನಾನು ನಂಬುತ್ತೇನಾ? ಆ ದಿನ ಅಜ್ಜಿಯ ಮಾತು ಸಾಕಾಗಲಿಲ್ಲ. ಉತ್ತರ ನಾನೇ ಕೊಡಬೇಕಿತ್ತು. ಅಲ್ಲೇ ಮೊಣಕಾಲೂರಿ, ಕರ್ತನೇ, ನೀನು ಜೀವಂತನಾಗಿದ್ದರೆ ನನ್ನ ಸಂಗಡ ಮಾತಾಡು ಅಂತ ಬೇಡಿದೆ. ಆತನು ಮಾತಾಡಿದನು. ಸ್ತೋತ್ರ!

ಯೋಹಾನ 20ರಲ್ಲಿ ಮಗ್ದಲದ ಮರಿಯಳನ್ನು ನೋಡಿರಿ. ಇನ್ನೂ ಕತ್ತಲಿರುವಾಗಲೇ ಹೋದಳು. ಸ್ತ್ರೀಯರು ಸುಗಂಧದ್ರವ್ಯ ತೆಗೆದುಕೊಂಡು ಹೋದರು ಅಂತ ಮಾರ್ಕ 16 ಹೇಳುತ್ತೆ. ಅದು ಅವರ ಜನರ ಪದ್ಧತಿ. ಪದ್ಧತಿಯೇ ಅವರನ್ನು ಸಮಾಧಿಯ ತನಕ ಕರಕೊಂಡು ಬಂತು. ಮರಿಯಳು ಯೇಸುವನ್ನು ಕಂಡಳು, ಆದರೂ ತೋಟಗಾರ ಅಂದುಕೊಂಡಳು. ಆತನು ಹೆಸರು ಹಿಡಿದು ಕರೆದಾಗ ಮಾತ್ರ ಗುರುತು ಹತ್ತಿತು. ನಿಮ್ಮ ಅಜ್ಜಿಯ ಹೆಸರು ಹಿಡಿದು ಕರೆದರೆ ನೀವು ತಿರುಗಿ ನೋಡೋಲ್ಲ. ಆತನು ನಿನ್ನ ಹೆಸರು ಹಿಡಿದು ಕರೀಬೇಕು, ನೀನು ತಿರುಗಬೇಕು.

ಹಾಗಾಗಿ ಆ ತಮ್ಮನಿಗೆ ಹೇಳಿದೆ: ಹೋಗಪ್ಪ. ಶನಿವಾರವೇ ಬಸ್ ಹತ್ತು. ಅವ್ವನ ಕೈಯಿಂದ ಬಕೀಟು ಇಸ್ಕೊಂಡು ನೀನೇ ಸುಣ್ಣ ಹಚ್ಚು. ತಂದೆತಾಯಿಯನ್ನು ಸನ್ಮಾನಿಸಬೇಕೆಂಬ ಆಜ್ಞೆ ದೀಕ್ಷಾಸ್ನಾನದಿಂದ ರದ್ದಾಗಿಲ್ಲ. ಸತ್ತವರಿಗೆ ಪ್ರಾರ್ಥನೆ ಮಾಡಬೇಡ. ಜೀವಿಸುವ ಯೇಸುವಿಗೆ ಅಲ್ಲೇ ನಿಂತು ಸ್ತೋತ್ರ ಹೇಳು. 1 ಕೊರಿಂಥ 15 ತೆಗೆದು ಅವ್ವನಿಗೆ ಓದಿ ಹೇಳು. ಬಿತ್ತಿದ ಬೀಜ ಸಾಯದೆ ಚಿಗುರೋದಿಲ್ಲ ಅನ್ನೋದು ಹೊಲದಲ್ಲಿ ದುಡಿದ ಆಕೆಗೆ ನಮಗಿಂತ ಚೆನ್ನಾಗಿ ಗೊತ್ತು. ಇದು ನಿನಗೆ ಏನು ಅಂತ ಆಕೆ ಕೇಳಿದರೆ, ನಿನ್ನ ಸಾಕ್ಷಿ ಹೇಳು. ಕೇಳದಿದ್ದರೆ ಪಾತ್ರೆ ತೊಳೆದುಕೊಡು, ಅದೂ ಸಾಕ್ಷಿಯೇ.

ಇನ್ನು ಕೆಲವರ ಮನೆಯಲ್ಲಿ ಈಸ್ಟರ್ ಇಲ್ಲವೇ ಇಲ್ಲ. ಮನೆಯಲ್ಲಿ ನಂಬಿದವರು ನೀವೊಬ್ಬರೇ. ಹಾಸ್ಟೆಲ್‌ನಲ್ಲಿ ಮೆಸ್ ಊಟ, ಅವತ್ತು ಹಬ್ಬ ಅಂತ ಪಕ್ಕದ ಮಂಚದವರಿಗೂ ಗೊತ್ತಿರಲ್ಲ. ಲೂಕ 24 ಓದಿರಿ. ಎದ್ದು ಬಂದ ದಿನದ ಸಂಜೆ ಯೇಸು ಎಮ್ಮಾಹುವಿನಲ್ಲಿ ಇಬ್ಬರ ಜೊತೆ ಊಟಕ್ಕೆ ಕೂತನು. ಅವರು ಬೇಸತ್ತು, ದುಃಖದಿಂದ ನಡೆಯುತ್ತಿದ್ದವರು. ರೊಟ್ಟಿ ಮುರಿದಾಗ ಅವರ ಕಣ್ಣು ತೆರೆಯಿತು. ಆದ್ದರಿಂದ ರಾಯಚೂರಿನಲ್ಲಿ ಮನೆ ಇರುವ ಅಣ್ಣಂದಿರೇ, ಅಕ್ಕಂದಿರೇ, ಮುಂದಿನ ಭಾನುವಾರ ನಿಮ್ಮ ಊಟಕ್ಕೆ ಒಂದು ತಟ್ಟೆ ಹೆಚ್ಚು ಇಡಿ. ಆರಾಧನೆ ಮುಗಿದ ಮೇಲೆ ಹಾಸ್ಟೆಲ್ ಮಕ್ಕಳು ಯಾರೂ ಒಬ್ಬರೇ ಹೋಗಬಾರದು. ಇವತ್ತೇ ಮಾತಾಡಿಕೊಳ್ಳಿ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮಗೆ ನಿನ್ನ ಹೆಸರನ್ನು ಕಲಿಸಿದ ಅಜ್ಜಿಯರಿಗಾಗಿ, ತಾಯಂದಿರಿಗಾಗಿ ಸ್ತೋತ್ರ. ಯಾರೂ ಕಲಿಸದಿದ್ದರೂ ನೀನೇ ಹುಡುಕಿ ತಂದ ಮಕ್ಕಳಿಗಾಗಿಯೂ ಸ್ತೋತ್ರ. ಈ ವಾರ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆ, ಕರ್ತನೇ. ಎದ್ದುಬಂದ ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.