ಐದು ಗಂಟೆಯ ಸಾಲ

ನಾನು ಬಿ.ಎಡ್. ಮುಗಿಸಿದ ವರ್ಷ ನಮ್ಮ ತಂದೆ ಆ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ, ಕಟ್ಟು ಹಾಕಿಸಿ, ಹಾಸನದ ನಮ್ಮ ಮನೆಯ ನಡುಮನೆಯಲ್ಲಿ ತಿರುಪತಿ ತಿಮ್ಮಪ್ಪನ ಪಟದ ಪಕ್ಕಕ್ಕೆ ತೂಗುಹಾಕಿದ್ದರು. ಆಯುಧಪೂಜೆಯ ದಿನ ಸೈಕಲ್ಲಿಗೆ, ಈಳಿಗೆಮಣೆಗೆ ಕುಂಕುಮವಿಟ್ಟ ಕೈಯಲ್ಲೇ ನಮ್ಮ ತಾಯಿ ಅದಕ್ಕೂ ಒಂದು ಹೂವು ಸಿಕ್ಕಿಸುತ್ತಿದ್ದರು. ಆ ಕಾಗದದ ಬಲದಿಂದ ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡಿದೆ. ನಿಮ್ಮ ಬಿ.ಎಡ್. ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಯಾರೂ ಒಮ್ಮೆಯೂ ಕೇಳಲಿಲ್ಲ. ಮದುವೆಯ ಹಾಗೆ, ಒಮ್ಮೆ ಆದರೆ ಆಯಿತು.

ಈಗ ನಾನಿರುವುದು ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ. ಇವರ ಕೆಲಸದ ಬೆನ್ನು ಹಿಡಿದು ಬಂದವಳು. ಮನೆಯಲ್ಲಿ ಕೂತು ಕೂತು ಬೇಸತ್ತು ಒಂದು ಶಿಶುವಿಹಾರಕ್ಕೆ ಸೇರಿದೆ. ಹತ್ತನೆಯ ತರಗತಿಗೆ ಹಳಗನ್ನಡ ಬಿಡಿಸಿ ಹೇಳುತ್ತಿದ್ದ ನನಗೆ ಇಲ್ಲಿ ಸಿಕ್ಕ ಶಿಷ್ಯರೆಲ್ಲ ಮೂರು ವರ್ಷದೊಳಗಿನವರು. ಕೆಲವರಿಗೆ ಇನ್ನೂ ಕತ್ತು ನಿಂತಿರಲಿಲ್ಲ. ಇವರನ್ನು ನೋಡಿಕೊಳ್ಳಲು ನಿಮ್ಮ ಬಿ.ಎ., ಬಿ.ಎಡ್. ಸಾಲದು, ಸಿ.ಡಿ.ಎ. ಮಾಡಿಕೊಳ್ಳಿ ಎಂದರು.

ಇದು ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರ ಅರ್ಹತಾಪತ್ರ. 1975ರಿಂದ ಕೊಡುತ್ತಿದ್ದಾರೆ. ನೂರಿಪ್ಪತ್ತು ಗಂಟೆ ಪಾಠ, ನಾನೂರೆಂಬತ್ತು ಗಂಟೆ ಮಕ್ಕಳ ಜೊತೆಗಿನ ಕೆಲಸ, ನಾವೇ ಬರೆದಿಟ್ಟ ಒಂದು ದಪ್ಪ ಕಡತ, ತಂದೆತಾಯಿಯರ ಅಭಿಪ್ರಾಯ, ತರಗತಿಗೇ ಬಂದು ಕೂತು ನೋಡುವ ಪರೀಕ್ಷಕರು, ಆಮೇಲೆ ಕಂಪ್ಯೂಟರಿನ ಮುಂದೆ ಅರವತ್ತೈದು ಪ್ರಶ್ನೆಗಳು. ಐವತ್ತು ದಾಟಿದ ಮೇಲೆ ಮತ್ತೆ ಪರೀಕ್ಷೆಯ ಹಿಂದಿನ ರಾತ್ರಿಯ ಹೊಟ್ಟೆನೋವು ಅನುಭವಿಸಿದೆ. 2023ರಲ್ಲಿ ಪಾಸಾಯಿತು. ಹಾಸನಕ್ಕೆ ಫೋನು ಮಾಡಿ, 'ಇದಕ್ಕೂ ಕಟ್ಟು ಹಾಕಿಸಬೇಕು' ಎಂದು ತಮ್ಮನಿಗೆ ಹೇಳಿದೆ. ಆಮೇಲೆ ನೋಡಿದರೆ ಕಾಗದದ ಮೇಲೆಯೇ ಅವಧಿ ಮುಗಿಯುವ ದಿನ ಅಚ್ಚಾಗಿತ್ತು. ಮೂರು ವರ್ಷ, ಅಷ್ಟೇ ಅದರ ಆಯುಸ್ಸು.

ಮೊದಲಿಗೆ ಅವಮಾನವೆನಿಸಿತು. ಮೊಸರಿನ ಡಬ್ಬಕ್ಕೆ ದಿನಾಂಕ ಹಾಕಲಿ, ಮೇಷ್ಟ್ರಿಗೂ ಹಾಕುವುದೇ? ನಮ್ಮಲ್ಲಿಯೂ ಶಿಕ್ಷಕರ ಅರ್ಹತಾ ಪರೀಕ್ಷೆಯ ಪತ್ರಕ್ಕೆ ಏಳು ವರ್ಷದ ಗಡುವಿತ್ತು. 2021ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದು, 2011ರಿಂದಲೇ ಅನ್ವಯವಾಗುವಂತೆ ಜೀವನಪರ್ಯಂತ ಎಂದು ಮಾಡಿತು. ಕೆಲಸಕ್ಕೆ ಕಾದು ಕೂತ ಹುಡುಗ ಹುಡುಗಿಯರಿಗೆ ಅದು ನ್ಯಾಯವೇ ಆಗಿತ್ತು. ನನಗೂ ಅದೇ ಸರಿ ಎನಿಸಿತ್ತು. ಒಮ್ಮೆ ಈಜು ಕಲಿತವನಿಗೆ ಮೂರು ವರ್ಷಕ್ಕೊಮ್ಮೆ ನೀರು ಮರೆಯುತ್ತದೆಯೇ?

ಆದರೂ ನವೀಕರಣಕ್ಕೆ ಹೊರಟೆ. ಬೇಕಾದದ್ದು ಹೆಚ್ಚೇನಲ್ಲ: ನಲವತ್ತೈದು ಗಂಟೆಯ ಹೊಸ ತರಬೇತಿ, ಇತ್ತೀಚೆಗೆ ಎಂಬತ್ತು ಗಂಟೆಯಾದರೂ ಮಕ್ಕಳ ಜೊತೆ ಕೆಲಸ ಮಾಡಿದ ದಾಖಲೆ, ಪ್ರಥಮ ಚಿಕಿತ್ಸೆ ಮತ್ತು ಸಿ.ಪಿ.ಆರ್. ಕಲಿತ ಪತ್ರ, ನಮ್ಮ ಕೆಲಸ ಬಲ್ಲವರೊಬ್ಬರ ಶಿಫಾರಸು. ತರಬೇತಿಯ ಬಹುಪಾಲನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ಮುಗಿಸಬಹುದು.

ನಾನು ಹೇಳಬೇಕಾದ ಸಂಗತಿ ಇಲ್ಲಿದೆ. 2025ರ ದೀಪಾವಳಿಯ ಹಿಂದಿನ ಶನಿವಾರ ಐದು ಗಂಟೆಯ ಒಂದು ಪಾಠ ಹಾಕಿಕೊಂಡೆ. ಮಕ್ಕಳ ಸುರಕ್ಷತೆಯ ಬಗ್ಗೆ. ಅಂದೇ ಚಕ್ಕುಲಿಯ ಹಿಟ್ಟನ್ನೂ ಕಲಸಿದ್ದೆ. ಕಂಪ್ಯೂಟರನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟು, ಅದರ ಪಾಡಿಗೆ ಅದು ಮಾತಾಡಲಿ ಎಂದು ಬಿಟ್ಟು, ಎಣ್ಣೆ ಕಾಯಿಸಿದೆ. ಆಗಾಗ 'ಮುಂದೆ' ಎಂದು ಒತ್ತಬೇಕಿತ್ತು. ಹಿಟ್ಟು ಮೆತ್ತಿದ ಕೈಯ ಕಿರುಬೆರಳಿನಿಂದ ಒತ್ತಿದೆ. ಕೊನೆಯ ಪ್ರಶ್ನೆಗಳಿಗೆ ತಪ್ಪಿದರೆ ಮತ್ತೆ ಉತ್ತರಿಸಬಹುದು. ಮೂರನೆಯ ಸಲಕ್ಕೆ ಸರಿಹೋಯಿತು. ಒಂದು ಡಬ್ಬ ಚಕ್ಕುಲಿಯೂ ಐದು ಗಂಟೆಯ ಪ್ರಮಾಣಪತ್ರವೂ ಒಟ್ಟಿಗೆ ತಯಾರಾದವು. ಪಾಠದ ಒಂದು ವಾಕ್ಯವೂ ನನ್ನ ಕಿವಿಯೊಳಗೆ ಹೋಗಿರಲಿಲ್ಲ.

ರಾತ್ರಿ ಗಂಟೆಗಳನ್ನು ಕೂಡಿದೆ. ಆ ಐದು ಸೇರಿ ಸರಿಯಾಗಿ ನಲವತ್ತೈದು. ಇವರ ಹತ್ತಿರ ಹೇಳಿದೆ. 'ಅದೇನು ಮಹಾ ಕಣೇ, ಎಲ್ಲರೂ ಮಾಡೋದೇ ಹಾಗೆ. ನಿನಗೆ ಗೊತ್ತಿಲ್ಲದ್ದು ಏನು ಹೇಳ್ತಾರೆ ಅದರಲ್ಲಿ?' ಎಂದರು. ನನಗೂ ಬೇಕಾಗಿದ್ದದ್ದು ಅದೇ ಉತ್ತರ.

ಆದರೆ ಮಲಗಿದ ಮೇಲೆ ಹಳೆಯ ಒಬ್ಬ ಹುಡುಗ ನೆನಪಾದ. ವಾರ್ಷಿಕ ಪರೀಕ್ಷೆಯಲ್ಲಿ ಅವನ ತೋಳಿನ ಮಡಿಕೆಯಿಂದ ಚೀಟಿ ಎಳೆದಿದ್ದೆ. 'ಉತ್ತರ ಗೊತ್ತಿತ್ತು ಮಿಸ್, ಧೈರ್ಯಕ್ಕೆ ಇಟ್ಕೊಂಡಿದ್ದೆ' ಎಂದು ಅತ್ತ. 'ಗೊತ್ತಿದ್ದ ಮೇಲೆ ಚೀಟಿ ಯಾಕೋ?' ಎಂದು ಗದರಿಸಿ ಹೊರಗೆ ಕಳಿಸಿದ್ದೆ. ಅದೇ ನಾನು, ತರಬೇತಿ ಶಿಬಿರಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಸಂಜೆಯ ಕಲಾಪಕ್ಕೂ ಸೇರಿಸಿ ಸಹಿ ಮಾಡಿ, ಮೂರು ಗಂಟೆಯ ಬಸ್ಸು ಹಿಡಿದವಳು. ಆಗಲೂ ನನ್ನ ಸಮಾಧಾನ ಅದೇ: ಗೊತ್ತಿರುವುದೇ ಅಲ್ಲವೇ.

ಇದರಲ್ಲಿ ಯಾರಿಗೆ ಮೋಸವಾಯಿತು? ವಾಷಿಂಗ್ಟನ್ನಿನಲ್ಲಿ ಕೂತು ಅರ್ಜಿ ನೋಡುವವರಿಗೆ ಏನೂ ನಷ್ಟವಿಲ್ಲ. ಗಂಟೆ ಎಣಿಸುವ ಪದ್ಧತಿಯೇ ಸರಿಯಿಲ್ಲ ಎಂದು ವಾದಿಸಬಹುದು. ಕಣ್ಣು ಬಿಟ್ಟುಕೊಂಡು ಐದು ಗಂಟೆ ಕೂತವಳೂ ಏನೂ ಕಲಿಯದೆ ಏಳಬಹುದು. ಅದೂ ನಿಜ. ಕಲಿಕೆಯನ್ನು ಗಡಿಯಾರದಿಂದ ಅಳೆಯಲಾಗದು ಎಂಬುದು ಯಾವ ಮೇಷ್ಟ್ರಿಗೆ ಗೊತ್ತಿಲ್ಲ? ಆದರೆ ಅಳತೆ ಒರಟಾಗಿದೆ ಎಂಬ ಕಾರಣಕ್ಕೆ ತೂಕದಲ್ಲಿ ಕಡಿಮೆ ಹಾಕಬಹುದೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಸಿ.ಪಿ.ಆರ್. ತರಗತಿಯಲ್ಲಿ. ಉಸಿರು, ಎದೆಬಡಿತ ನಿಂತ ಮಗುವಿನ ಎದೆ ಒತ್ತಿ ಬದುಕಿಸುವ ವಿದ್ಯೆ ಅದು. ಮೂವತ್ತರ ಆಸುಪಾಸಿನ ಒಬ್ಬಳು ಕಲಿಸುತ್ತಿದ್ದಳು. ರಬ್ಬರಿನ ಎಳೆಮಗು ಮುಂದೆ ಬಂದಾಗ ನಾನು ಜಂಬದಿಂದಲೇ ಎರಡು ಬೆರಳು ಜೋಡಿಸಿ ಎದೆಯ ನಡುವೆ ಇಟ್ಟೆ. ಹಿಂದಿನ ಸಲ ಹಾಗೆಯೇ ಕಲಿಸಿದ್ದರು. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2025ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆ ಎರಡು ಬೆರಳಿನ ಕ್ರಮವನ್ನು ಕೈಬಿಟ್ಟಿದ್ದಾರೆ. ಬೆರಳಿನಿಂದ ಬೇಕಾದಷ್ಟು ಆಳಕ್ಕೆ, ಅಂದರೆ ಸುಮಾರು ನಾಲ್ಕು ಸೆಂಟಿಮೀಟರಿಗೆ, ಎದೆ ಇಳಿಯುವುದಿಲ್ಲವಂತೆ. ಒಂದು ಅಂಗೈಯ ಬುಡದಿಂದ ಒತ್ತಬೇಕು. ಇಲ್ಲವೇ ಎರಡೂ ಕೈಗಳಿಂದ ಎದೆಯನ್ನು ಬಳಸಿ ಹಿಡಿದು ಹೆಬ್ಬೆರಳುಗಳಿಂದ ಒತ್ತಬೇಕು.

ಮತ್ತೆ ಮಾಡಿದೆ. ಮತ್ತೆ ಎರಡು ಬೆರಳೇ ಮುಂದಾದವು. ತಲೆಗೆ ಹೊಸದು ಗೊತ್ತಾದರೂ ಕೈಗೆ ಹಳೆಯದೇ ಗೊತ್ತಿತ್ತು. ನಾಲ್ಕನೆಯ ಸಲಕ್ಕೆ ಸರಿಯಾಯಿತು. ಅಷ್ಟರಲ್ಲಿ ನನಗೆ ಬೆವರು. ಗೊತ್ತಿದೆ ಎಂಬ ಧೈರ್ಯದಲ್ಲೇ ನಾನು ತಪ್ಪು ಮಾಡುತ್ತಿದ್ದೆ. ಗೊತ್ತಿಲ್ಲ ಎಂದುಕೊಂಡಿದ್ದರೆ ಕೇಳುತ್ತಿದ್ದೆ.

ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ ಎಂದಿನಂತೆ ಒಬ್ಬ ತಾಯಿ ತನ್ನ ಏಳು ತಿಂಗಳ ಮಗುವನ್ನು ನನ್ನ ತೋಳಿಗೆ ಕೊಟ್ಟು ಗಡಿಬಿಡಿಯಿಂದ ಕೆಲಸಕ್ಕೆ ಹೊರಟಳು. ಗೋಡೆಯ ಮೇಲಿನ ನನ್ನ ಪ್ರಮಾಣಪತ್ರದ ಕಡೆ ಅವಳು ಯಾವತ್ತೂ ತಿರುಗಿ ನೋಡಿಲ್ಲ. ಪರೀಕ್ಷಿಸಲು ಅವಳಿಗೆ ಸಮಯವಿಲ್ಲ, ಪರೀಕ್ಷಿಸುವ ಬಗೆಯೂ ತಿಳಿಯದು. ಅವಳ ಪರವಾಗಿ ಯಾರೋ ಪರೀಕ್ಷಿಸಿದ್ದಾರೆ ಎಂಬ ನಂಬಿಕೆಯಿಂದ ಮಗುವನ್ನು ಬಿಟ್ಟು ಹೋಗುತ್ತಾಳೆ. ಆ ಐದು ಗಂಟೆಯನ್ನು ನಾನು ಎಗರಿಸಿದ್ದು ಇವಳಿಂದ ಎಂದು ಆಗ ತೋರಿತು. ಅವಧಿಯ ದಿನಾಂಕ ಅಚ್ಚು ಹಾಕಿದ್ದು ನನ್ನ ಯೋಗ್ಯತೆಯ ಮೇಲೆ ಎಂದು ನಾನು ಸಿಟ್ಟಾಗಿದ್ದೆ. ಅದು ನಾನು ಇವಳಿಗೆ ಕೊಟ್ಟ ಮಾತಿನ ಮೇಲಿತ್ತು.

ಆ ಶನಿವಾರ ಒಲೆ ಹಚ್ಚದೆ, ಪುಸ್ತಕ ಪೆನ್ನು ಹಿಡಿದು, ಆ ಪಾಠವನ್ನು ಮೊದಲಿನಿಂದ ಕೇಳಿದೆ. ನಿಜ ಹೇಳಬೇಕೆಂದರೆ, ಹೊಸದು ಹೆಚ್ಚೇನೂ ಇರಲಿಲ್ಲ. ಇವರು ಹೇಳಿದ್ದು ಸುಳ್ಳಲ್ಲ. ಒಂದೆರಡು ಕಡೆ ಆಕಳಿಕೆಯೂ ಬಂತು. ಆದರೆ ಹೊಸದಿಲ್ಲ ಎಂದು ಹೇಳುವ ಹಕ್ಕು ಕೇಳಿದ ಮೇಲೆ ಬಂತೇ ಹೊರತು ಮೊದಲೇ ನನಗೆ ಇರಲಿಲ್ಲ. ಶಿಫಾರಸು ಬರೆಯಬೇಕಾದ ನಮ್ಮ ಮುಖ್ಯಸ್ಥೆಗೆ ಈ ಕಥೆಯನ್ನೂ ಹೇಳಿದೆ. ಅವಳು ನಕ್ಕಳು; ನಗು ನಿಲ್ಲಿಸಿ, ತನಗೂ ಎರಡು ಪಾಠ ಮತ್ತೆ ಕೇಳುವುದಿದೆ ಎಂದಳು.

ಹಾಸನದ ಮನೆಯಲ್ಲಿ ತಮ್ಮ ಈಗಲೂ ಆಯುಧಪೂಜೆಗೆ ನನ್ನ ಬಿ.ಎಡ್. ಪಟಕ್ಕೆ ಹೂವಿಡುತ್ತಾನೆ. ಯೋಚಿಸಿದರೆ, ಹೂವಿಡುವ ಮೊದಲು ನಮ್ಮ ತಂದೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು, ಕುಡುಗೋಲಿಗೆ ಸಾಣೆ ಹಿಡಿಸುತ್ತಿದ್ದರು, ತಾಯಿ ಈಳಿಗೆಮಣೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ನನ್ನ ಕಾಗದಕ್ಕೆ ಮಾತ್ರ ಗಾಜಿನ ಧೂಳು ಒರೆಸಿ ಹೂವಿಟ್ಟರೆ ಮುಗಿಯುತ್ತಿತ್ತು.