ಮಡಿಕೆ ಬದಲಿಸುವ ಕೆಲಸ

ಹೊಲಿಗೆಯ ಕೋಣೆಯನ್ನು ಒಮ್ಮೆ ಸರಿಯಾಗಿ ಜೋಡಿಸಿಬಿಟ್ಟರೆ ಆಮೇಲೆ ನಿಶ್ಚಿಂತೆಯಾಗಿ ಹೊಲಿಯುತ್ತ ಕೂರಬಹುದು ಎಂಬ ನಂಬಿಕೆ ಬಹಳ ಜನರಿಗಿದೆ. ಬಟ್ಟೆಗಳು ಬಣ್ಣಬಣ್ಣವಾಗಿ ಕಪಾಟಿನಲ್ಲಿ, ದಾರದ ಉಂಡೆಗಳು ಗೋಡೆಯ ಗೂಟಗಳಲ್ಲಿ, ಗುಂಡಿ, ಹುಕ್ಕು, ಬಾಬಿನ್ನು ಒಂದೊಂದು ಡಬ್ಬಿಯಲ್ಲಿ. ಕೆಲವು ತಿಂಗಳಲ್ಲಿ ಎಲ್ಲ ಮತ್ತೆ ಕಲಸಿಹೋಗುತ್ತದೆ. ಹೊಲಿಯುವಾಕೆ ತನ್ನನ್ನೇ ಬೈದುಕೊಳ್ಳುತ್ತಾಳೆ. ಈ ಬೈಗುಳ ಅನ್ಯಾಯದ್ದು. ಮತ್ತೆ ಮತ್ತೆ ಜೋಡಿಸುವುದು ಹೊಲಿಗೆಗೇ ಸೇರಿದ ಕೆಲಸ. ಇನ್ನೆಂದೂ ಕೈಹಾಕಬೇಕಿಲ್ಲದ ವ್ಯವಸ್ಥೆಯೊಂದು ಎಲ್ಲೋ ಇದೆ ಎಂದುಕೊಳ್ಳುವುದರಲ್ಲೇ ತಪ್ಪಿದೆ.

ಬಟ್ಟೆಯನ್ನೇ ಕೇಳಿ ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬಿಟ್ಟ ರೇಷ್ಮೆ ಸೀರೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಜರಿ ಅಲ್ಲೇ ಮುರಿಯುತ್ತದೆ. ಅದಕ್ಕೇ ಮನೆಯ ಹಿರಿಯ ಹೆಂಗಸರು ಆಗಾಗ ಸೀರೆಗಳನ್ನು ಹೊರತೆಗೆದು, ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡುತ್ತಾರೆ. ಹಳೆಯ ಬಟ್ಟೆಗಳನ್ನು ಕಾಪಾಡುವ ವಸ್ತುಸಂಗ್ರಹಾಲಯಗಳಿಗೂ ಮಡಿಕೆಯ ಭಯವಿದೆ. ಸಾಧ್ಯವಾದಲ್ಲಿ ಅವರು ಬಟ್ಟೆಯನ್ನು ಕೊಳವೆಗೆ ಸುತ್ತಿಡುತ್ತಾರೆ. ತೆರೆದ ಕಪಾಟಿನಲ್ಲಿ ಚೆಂದಕ್ಕೆಂದು ಜೋಡಿಸಿಟ್ಟ ಹತ್ತಿಬಟ್ಟೆಗೆ ಇನ್ನೊಂದು ಸಂಕಟ. ಕಿಟಕಿಯ ಬೆಳಕಿಗೆ ಅದರ ಹೊರಮಡಿಕೆ ಮಾಸುತ್ತದೆ. ಒಂದು ದಿನ ಬಿಚ್ಚಿ ಹರಡಿದರೆ ನಟ್ಟನಡುವೆ ಬಿಳಿಚಿದ ಪಟ್ಟಿ. ಕಣ್ಣಿಗೆಂದು ಮಾಡಿದ ಏರ್ಪಾಡು ಬಣ್ಣವನ್ನೇ ತಿಂದಿರುತ್ತದೆ.

ಹಾಗಾದರೆ ಯಾವುದನ್ನು ಅಳತೆಗೋಲಾಗಿ ಇಟ್ಟುಕೊಂಡು ಜೋಡಿಸಬೇಕು? ಇಲ್ಲಿ ನನಗೆ ಕೌದಿ ಹೊಲಿಯುವವರು ಗುರುಗಳು. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಗೆಂದು ಪ್ರತ್ಯೇಕ ಕೋಣೆ ಎಲ್ಲಿಯದು? ಹಳೆಯ ಸೀರೆ, ಧೋತರ, ಕುಬಸಗಳೆಲ್ಲ ಒಂದು ಗಂಟಿನಲ್ಲಿ ಕೂಡುತ್ತ ಹೋಗುತ್ತವೆ. ಬಿಡುವಾದಾಗ ಗಂಟು ಬಿಚ್ಚಿ ಪಡಸಾಲೆಯಲ್ಲಿ ಹರಡಿಕೊಂಡರೆ ಆಗ ನಡೆಯುವ ವಿಂಗಡಣೆ ಬೇರೆಯದೇ ರೀತಿಯದು. ಅರಿವೆಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡುತ್ತಾರೆ. ಇನ್ನೂ ಗಟ್ಟಿಯಿದ್ದದ್ದು ಮೇಲಿನ ಪದರಕ್ಕೆ, ಅಂಚಿಗೆ. ತೊಳೆದು ತೊಳೆದು ಮೆತ್ತಗಾಗಿ ಪಿಸಿಯುವಂತಿದ್ದದ್ದು ಒಳಪದರಕ್ಕೆ. ಬಣ್ಣದ ಮಾತು ಆಮೇಲಿನದು. ಬಟ್ಟೆ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಅದರಲ್ಲಿ ಇನ್ನೆಷ್ಟು ಬಾಳಿಕೆ ಉಳಿದಿದೆ, ಅದಕ್ಕೆ ಮುಂದೆ ಯಾವ ಕೆಲಸ ಒಪ್ಪಿಸಬಹುದು ಎಂಬ ಪ್ರಶ್ನೆಯ ಮೇಲೆ ನಿಂತ ವಿಂಗಡಣೆ ಇದು. ಇದಕ್ಕಿಂತ ಗೌರವದ ವಿಂಗಡಣೆಯನ್ನು ನಾನು ಕಂಡಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಅದರ ಅಂಚಿನಿಂದ ಶುರುಮಾಡಿ, ತುಂಡುಗಳನ್ನು ಕೂಡಿಸುತ್ತ, ಸುತ್ತುಸುತ್ತಾಗಿ ನಡುವಿನ ಕಡೆಗೆ ಹೊಲಿದುಕೊಂಡು ಬರುತ್ತಾರೆ. ಮುಂದಿನ ತುಂಡು ಯಾವುದೆಂಬುದು ಹಿಂದಿನ ತುಂಡು ಕೂತ ಮೇಲೆ ತೀರ್ಮಾನವಾಗುತ್ತದೆ. ಜೋಡಣೆ, ಹೊಲಿಗೆ ಎರಡೂ ಇಲ್ಲಿ ಒಂದೇ ಉಸಿರಿನಲ್ಲಿ ನಡೆಯುತ್ತವೆ.

ಇದಕ್ಕೊಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಕೌದಿ ಹೊಲಿಯುವಾಕೆಯ ಹತ್ತಿರ ಇರುವುದು ಒಂದು ಗಂಟು. ಈಗಿನ ಕ್ವಿಲ್ಟ್ ಹೊಲಿಯುವವರ ಹತ್ತಿರ ಅಂಗಡಿಯಿಂದ ಕೊಂಡ ನೂರಾರು ತುಂಡುಗಳಿರುತ್ತವೆ. ಬಣ್ಣದ ಸಾಲು ಇಲ್ಲದಿದ್ದರೆ ಬೇಕಾದದ್ದು ಸಿಗುವುದು ಹೇಗೆ? ಸರಿ. ಆದರೆ ಕ್ವಿಲ್ಟಿನ ವಿನ್ಯಾಸಗಳನ್ನೇ ಗಮನಿಸಿ. ಅಮೆರಿಕದಲ್ಲಿ ಬಹಳ ಜನಪ್ರಿಯವಾದ ಲಾಗ್ ಕ್ಯಾಬಿನ್ ವಿನ್ಯಾಸದಲ್ಲಿ ನಡುವಿನ ಚೌಕದ ಸುತ್ತ ಪಟ್ಟಿಗಳನ್ನು ಕೂಡಿಸುವಾಗ ಸಾಮಾನ್ಯವಾಗಿ ಒಂದು ಅರ್ಧಕ್ಕೆ ತಿಳಿಬಣ್ಣ, ಇನ್ನೊಂದು ಅರ್ಧಕ್ಕೆ ಗಾಢಬಣ್ಣ. ಕೆಂಪೋ ಹಸಿರೋ ಎಂಬುದಕ್ಕಿಂತ ತಿಳಿಯೋ ಗಾಢವೋ ಎಂಬುದೇ ಅಲ್ಲಿ ಮುಖ್ಯ. ಅಂದಮೇಲೆ ಕೆಂಪೆಲ್ಲ ಒಂದು ಕಡೆ, ಹಸಿರೆಲ್ಲ ಒಂದು ಕಡೆ ಇರುವ ಕಪಾಟನ್ನು ಆ ಕ್ವಿಲ್ಟಿಗಾಗಿ ಕೆಡವಲೇಬೇಕು. ಮುಂದಿನ ಕ್ವಿಲ್ಟಿಗೆ ಬೇರೆ ಸಾಲು ಬೇಕಾಗಬಹುದು. ಹಾಗೆ ಕೆಡವುವಾಗ ಇನ್ನೊಂದು ನಿರ್ಧಾರವೂ ಆಗಬೇಕು: ಎಂದೋ ಆಸೆಪಟ್ಟು ತಂದಿಟ್ಟ ಈ ಬಟ್ಟೆಯನ್ನು ನಾನು ನಿಜಕ್ಕೂ ಹೊಲಿಯುತ್ತೇನೆಯೇ, ಇಲ್ಲ ಹೊಲಿಯುವವರ ಕೈಗೆ ಕೊಡಲೇ? ಕೋಣೆ ಜೋಡಿಸುವುದರಲ್ಲಿ ಕಷ್ಟವಾದದ್ದು ಈ ಪ್ರಶ್ನೆ, ಡಬ್ಬಿಗಳ ಲೆಕ್ಕ ಸುಲಭದ್ದು.

ಆದರೂ ಕೆಡವಿ ಕಟ್ಟುವುದನ್ನೆಲ್ಲ ಹೊಗಳಲಾರೆ. ತಾನಾಗಿ ಮಡಿಕೆ ಬದಲಿಸುವುದು ಬೇರೆ. ಬೇರೆಯವರಿಗಾಗಿ ದಿನವೂ ಗಂಟು ಕಟ್ಟಬೇಕಾಗುವುದು ಬೇರೆ. ನಮ್ಮ ಎಷ್ಟೋ ಮನೆಗಳಲ್ಲಿ ಹೊಲಿಗೆ ಮಿಷನ್ನು ಹಾಲಿನ ಮೂಲೆಯಲ್ಲಿ ಮುಸುಕು ಹೊದ್ದು ನಿಂತಿರುತ್ತದೆ. ಕತ್ತರಿಸುವುದು ಊಟದ ಮೇಜಿನ ಮೇಲೆ. ನೆಂಟರು ಬಂದರು, ತೆಗೆ. ಊಟದ ಹೊತ್ತಾಯಿತು, ತೆಗೆ. ಹೆಣ್ಣು ಬರೆಯಬೇಕಾದರೆ ಅವಳಿಗೆ ಹಣವೂ ಸ್ವಂತ ಕೋಣೆಯೂ ಬೇಕೆಂದು ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1929ರಲ್ಲಿ ವಾದಿಸಿದಳು. ಹೊಲಿಯುವವಳ ಪರವಾಗಿಯೂ ಅದೇ ವಾದ ಹೂಡಬೇಕು. ಅವಳಿಗೆ ಕೋಣೆ ಬೇಕಾಗಿರುವುದು ಅಂದವಾಗಿ ಜೋಡಿಸಿಡಲಿಕ್ಕಿಂತ ಹೆಚ್ಚಾಗಿ, ಅರ್ಧ ಕತ್ತರಿಸಿದ ಬಟ್ಟೆಯನ್ನು, ಗುಂಡುಸೂಜಿ ಚುಚ್ಚಿದ ತುಂಡುಗಳನ್ನು ಇದ್ದ ಹಾಗೇ ಬಿಟ್ಟು ಎದ್ದುಹೋಗಲಿಕ್ಕೆ. ಕೋಣೆ ಕೊಡಲು ಜಾಗವಿಲ್ಲದ ಮನೆಯಲ್ಲಿ ಯಾರ ಊಟಕ್ಕೂ ತೆರವು ಮಾಡಬೇಕಿಲ್ಲದ ಒಂದು ಮೇಜಾದರೂ ಅವಳದಾಗಿರಲಿ. ಕಪಾಟು, ಡಬ್ಬಿಗಳನ್ನು ಆಮೇಲೆ ತಂದರಾಯಿತು.